ಯಾವ ಡಾಕ್ ಕೊಳ್ಳಲಿ ಎಂದು ಕೇಳುವವರಿಗೆ

ಮಾಟುಂಗಾಕ್ಕೆ ನಾಟಕ ನೋಡಲು ಹೋದರೂ, ಡೊಂಬಿವಲಿಯಲ್ಲಿ ಮದುವೆಯೂಟಕ್ಕೆ ಕುಳಿತರೂ ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೇಳುವ ಪ್ರಶ್ನೆ ಇದು: ಮನೆಯಲ್ಲಿ ಆಫೀಸಿನದೊಂದು ಲ್ಯಾಪ್‌ಟಾಪ್, ಸ್ವಂತದ್ದೊಂದು, ಮನೆಯವರದು ಮತ್ತೊಂದು, ಜತೆಗೆ ಮಾನಿಟರ್, ಪ್ರಿಂಟರ್, ಫೋನು. ಇವೆಲ್ಲ ಒಂದೇ ಮೇಜಿನ ಮೇಲೆ ಹೊಂದಿಕೊಂಡು ಕೆಲಸ ಮಾಡಬೇಕಾದರೆ ಯಾವ ಡಾಕ್, ಎಂದರೆ ಮಾನಿಟರ್, ಕೀಬೋರ್ಡ್ ಮುಂತಾದವನ್ನೆಲ್ಲ ಒಂದೇ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ, ಕೊಳ್ಳಬೇಕು? ನೆಟ್‌ವರ್ಕಿನ ಕೆಲಸವೇ ನನ್ನ ಹೊಟ್ಟೆಪಾಡು, ಹಾಗಾಗಿ ಜಾರಿಕೊಳ್ಳುವಂತಿಲ್ಲ. ಆದರೆ ನನ್ನ ಉತ್ತರ ಹೆಚ್ಚಿನವರಿಗೆ ಹಿಡಿಸುವುದಿಲ್ಲ: ಈಗಲೇ ಏನನ್ನೂ ಕೊಳ್ಳಬೇಡಿ. ಆಫೀಸಿನ ಲ್ಯಾಪ್‌ಟಾಪ್ ಏನೇನಕ್ಕೆ ಒಪ್ಪುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಉಳಿದ ಏರ್ಪಾಡೆಲ್ಲ ಅದರ ಸುತ್ತಲೇ ಆಗಬೇಕು.

ಯಾಕೆಂದರೆ ಆ ಯಂತ್ರ ನಿಮ್ಮ ಮನೆಗೆ ಬಂದ ಮಡಿವಂತ ನೆಂಟರಿದ್ದಂತೆ. ಹೊಸ ಸಾಫ್ಟ್‌ವೇರ್ ಹಾಕಲು ಬಿಡುವುದಿಲ್ಲ, ಪೆನ್‌ಡ್ರೈವ್ ಮುಟ್ಟುವುದಿಲ್ಲ, ಇಂಟರ್ನೆಟ್ ಮೂಲಕ ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಹಚ್ಚಿದರೆ ಎಷ್ಟೋ ಸಲ ಮನೆಯ ಪ್ರಿಂಟರ್ ಕಣ್ಣೆದುರೇ ಇದ್ದರೂ ಅದಕ್ಕೆ ಕಾಣುವುದಿಲ್ಲ. ಒಂದೇ ಮೌಸ್ ಎರಡು ಕಂಪ್ಯೂಟರುಗಳ ಪರದೆಗಳ ಮೇಲೆ ಸರಾಗವಾಗಿ ಓಡಾಡುವಂತೆ ಮಾಡುವ ತಂತ್ರಾಂಶಗಳು ಹಲವಿವೆ, ಚೆನ್ನಾಗಿಯೂ ಇವೆ. ಆದರೆ ಎರಡೂ ಕಡೆ ಅವನ್ನು ಹಾಕಬೇಕು, ಅಲ್ಲಿಗೆ ಆ ದಾರಿ ಮುಚ್ಚಿತು. ಐಟಿ ವಿಭಾಗದವರ ಕಣ್ಣು ತಪ್ಪಿಸಿ ಹಾಕುವ ಉಪಾಯ ಕೇಳುವವರೂ ಇದ್ದಾರೆ. ಅದನ್ನು ನಾನು ಹೇಳುವುದಿಲ್ಲ. ಒಂದು ಮೌಸಿಗಾಗಿ ನೌಕರಿಯನ್ನು ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ.

ಸಾಫ್ಟ್‌ವೇರ್ ಬೇಡದ ದಾರಿಯೆಂದರೆ ಕೆವಿಎಂ ಸ್ವಿಚ್. ಗುಂಡಿ ಒತ್ತಿದರೆ ಕೀಬೋರ್ಡ್, ಮಾನಿಟರ್, ಮೌಸ್ ಮೂರೂ ಒಂದು ಲ್ಯಾಪ್‌ಟಾಪಿನಿಂದ ಇನ್ನೊಂದಕ್ಕೆ ತಿರುಗುತ್ತವೆ. ಲ್ಯಾಪ್‌ಟಾಪಿಗೆ ಅದು ಬರೀ ಕೀಬೋರ್ಡು, ಬರೀ ಪರದೆ. ಅನುಮತಿ ಕೇಳುವ ಪ್ರಮೇಯ ಬರುವುದು ಅಪರೂಪ. ಕೆಲವು ಮಾನಿಟರುಗಳೊಳಗೇ ಇದು ಸೇರಿಕೊಂಡು ಬರುತ್ತದೆ: ಒಂದು ಲ್ಯಾಪ್‌ಟಾಪಿಗೆ ಯುಎಸ್‌ಬಿ-ಸಿ ತಂತಿ, ಇನ್ನೊಂದಕ್ಕೆ ಎಚ್‌ಡಿಎಂಐ ಮತ್ತು ಒಂದು ಯುಎಸ್‌ಬಿ ತಂತಿ. ಕಪಾಟು ಮತ್ತು ಕಿಟಕಿಯ ನಡುವಿನ ಸಂದಿನಲ್ಲಿ ಮೇಜು ಹಾಕಿಕೊಳ್ಳುವ ಮುಂಬಯಿಯ ಒನ್ ಬಿಎಚ್‌ಕೆ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹೊಸ ಮಾನಿಟರ್ ಹೇಗೂ ಕೊಳ್ಳುವುದಿದ್ದರೆ ಡಾಕಿನ ಹಣವನ್ನೂ ಅದಕ್ಕೇ ಸೇರಿಸಿ.

ಇನ್ನು ಯುಎಸ್‌ಬಿ-ಸಿ. 2014ರಲ್ಲಿ ಇದು ಬಂದಾಗ ಇನ್ನು ಮುಂದೆ ಎಲ್ಲಕ್ಕೂ ಒಂದೇ ತಂತಿ ಎಂದರು. ಆಕಾರ ಒಂದಾಯಿತು, ನಿಜ, ಗುಣ ಒಂದಾಗಲಿಲ್ಲ. ಒಂದು ಕಿಂಡಿ ಚಾರ್ಜ್ ಮಾತ್ರ ಮಾಡುತ್ತದೆ, ಇನ್ನೊಂದು ದತ್ತಾಂಶವನ್ನೂ ಸಾಗಿಸುತ್ತದೆ, ಮತ್ತೊಂದು ಮಾನಿಟರಿಗೆ ಚಿತ್ರವನ್ನೂ ಕಳಿಸುತ್ತದೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಅದು ಥಂಡರ್‌ಬೋಲ್ಟ್, ದತ್ತಾಂಶ, ಚಿತ್ರ ಎರಡನ್ನೂ ಸಾಗಿಸುವ ಬಗೆ, ಚಿಂತೆಯಿಲ್ಲ. ಗುರುತೇ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್’ ಎಂಬ ಮಾತು ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಎಷ್ಟು ದುಬಾರಿ ಡಾಕ್ ತಂದರೂ ಆ ಕಿಂಡಿಯಿಂದ ನೇರವಾಗಿ ಚಿತ್ರ ಹೊರಡುವುದಿಲ್ಲ.

ತಂತಿಯ ಕಥೆಯೂ ಇದೇ. ಫೋನಿನ ಜತೆ ಬಂದ ಕೇಬಲ್ ಸಾಮಾನ್ಯವಾಗಿ ಯುಎಸ್‌ಬಿ 2.0 ಜಾತಿಯದು, ಸೆಕೆಂಡಿಗೆ 480 ಮೆಗಾಬಿಟ್ ಅದರ ಮಿತಿ. ಚಿತ್ರ ಸಾಗಿಸಲು ಬೇಕಾದ ಎಳೆಗಳೇ ಅದರಲ್ಲಿರುವುದಿಲ್ಲ. ಇನ್ನು 60 ವಾಟ್‌ಗಿಂತ ಹೆಚ್ಚು ವಿದ್ಯುತ್ ಹರಿಯಬೇಕಾದರೆ ಕೇಬಲಿನೊಳಗೆ ತನ್ನ ಶಕ್ತಿಯೆಷ್ಟೆಂದು ಹೇಳುವ ಚಿಪ್ ಇರಬೇಕು. ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ‘ಇದು ಮಾನಿಟರಿಗೆ ಆಗುತ್ತದೆಯೇ’ ಎಂದು ಕೇಳಿದರೆ ಉತ್ತರ ಒಂದೇ: ‘ಚಲೇಗಾ!’ ಹಾಗೆ ಕೇಳಬೇಡಿ. ಎಷ್ಟು ವಾಟ್, ಎಷ್ಟು ಗಿಗಾಬಿಟ್ ಎಂದು ಕೇಳಿ. ಸಾಧ್ಯವಿದ್ದರೆ ಲ್ಯಾಪ್‌ಟಾಪನ್ನೇ ಹೊತ್ತುಕೊಂಡು ಹೋಗಿ ಅಲ್ಲಿಯೇ ಚುಚ್ಚಿ ನೋಡಿ. ಗ್ರಾಂಟ್ ರೋಡ್ ನಿಲ್ದಾಣದಿಂದ ನಡೆಯುವ ದೂರವೇ ತಾನೆ. ಅಗ್ಗದ ಎಚ್‌ಡಿಎಂಐ ಅಡಾಪ್ಟರುಗಳಲ್ಲಿ ಎಷ್ಟೋ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ತೋರಿಸುತ್ತವೆ. ಮೌಸಿನ ಬಾಣ ಕಾಲೆಳೆಯುತ್ತ ಬರುತ್ತದೆ, ನೀವು ಮೌಸನ್ನು ಬೈಯುತ್ತೀರಿ. 60 ಹರ್ಟ್ಸ್ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ.

ಮ್ಯಾಕ್‌ಬುಕ್ ಇರುವವರಿಗೆ ಪ್ರತ್ಯೇಕ ಎಚ್ಚರಿಕೆ. ಸಾದಾ ಎಂ1, ಎಂ2 ಚಿಪ್ಪಿನವು ಹೊರಗಿನ ಒಂದೇ ಮಾನಿಟರಿಗೆ ಒಪ್ಪುತ್ತವೆ. ಎಂ3 ಮ್ಯಾಕ್‌ಬುಕ್ ಏರ್ ಮುಚ್ಚಳ ಮುಚ್ಚಿದರೆ ಎರಡಕ್ಕೆ ಒಪ್ಪುತ್ತದೆ. ಎಂ4 ತೆರೆದಿದ್ದರೂ ಎರಡಕ್ಕೆ. ವಿಂಡೋಸ್‌ನಲ್ಲಿ ಒಂದೇ ತಂತಿಯಿಂದ ಎರಡು ಪರದೆಗಳನ್ನು ಬೇರೆಬೇರೆಯಾಗಿ ನಡೆಸುವ ಡಾಕ್, ಮ್ಯಾಕ್‌ನಲ್ಲಿ ಎರಡರಲ್ಲೂ ಒಂದೇ ಚಿತ್ರ ತೋರಿಸಿ ಕುಳಿತುಬಿಡಬಹುದು. ಅದಕ್ಕೆ ಪರಿಹಾರ ಡಿಸ್‌ಪ್ಲೇಲಿಂಕ್ ಎಂಬ ಬಗೆಯ ಡಾಕ್. ಅದಕ್ಕೆ ಮತ್ತೆ ಸಾಫ್ಟ್‌ವೇರ್ ಬೇಕು. ಆಫೀಸಿನ ನೆಂಟರು ಒಪ್ಪುತ್ತಾರೆಯೇ ಎಂದು ಕೇಳಿಕೊಂಡೇ ಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ವೈರ್‌ಲೆಸ್ ಮೌಸ್ ಇದ್ದಕ್ಕಿದ್ದಂತೆ ತೊದಲತೊಡಗುವುದುಂಟು. ಬ್ಯಾಟರಿ ಬದಲಾಯಿಸಿ ಪ್ರಯೋಜನವಿಲ್ಲ. ಯುಎಸ್‌ಬಿ 3.0 ಕಿಂಡಿ ಮತ್ತು ಕೇಬಲುಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದಿಟ್ಟಿದೆ. ಮೌಸಿಗಾಗಿ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರಿಸೀವರ್ ಮಾತಾಡುವುದೂ ಅದೇ ಪಟ್ಟಿಯಲ್ಲಿ. ಡಾಕಿನ ಹಿಂದೆ ಹಾರ್ಡ್‌ಡಿಸ್ಕಿನ ಪಕ್ಕದಲ್ಲೇ ಅದನ್ನು ಚುಚ್ಚಿದರೆ ಇನ್ನೇನಾದೀತು? ಗೇಣುದ್ದದ ಎಕ್ಸ್‌ಟೆನ್ಶನ್ ಕೇಬಲಿನಿಂದ ಮೌಸಿನ ಸಮೀಪಕ್ಕೆ ತಂದಿಟ್ಟರೆ ಸಾಕು. ನನ್ನ ಪರಿಚಿತರಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟ ದುರಸ್ತಿ ಇದು.

ಪ್ರಿಂಟರ್ ಫೋನಿಗೆ ಕಾಣುತ್ತದೆ, ಲ್ಯಾಪ್‌ಟಾಪಿಗೆ ಕಾಣುವುದಿಲ್ಲ ಎಂಬ ದೂರು ಬಂದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ರೌಟರ್ ಎಷ್ಟಿವೆ ಎಂದು. ಫೈಬರಿನವರು ಬಾಗಿಲ ಬಳಿ, ಚಪ್ಪಲಿ ಗೂಡಿನ ಮೇಲೆ ಒಂದು ಡಬ್ಬಿ ಬಡಿದು ಹೋಗಿರುತ್ತಾರೆ. ಕಾಂಕ್ರೀಟಿನ ಗೋಡೆ ದಾಟಿ ಒಳಕೋಣೆಗೆ ಸಿಗ್ನಲ್ ಬರುವುದಿಲ್ಲವೆಂದು ಮನೆಯವರು ಇನ್ನೊಂದನ್ನು ತಂದು ಹಚ್ಚಿರುತ್ತಾರೆ. ಈಗ ಮನೆಯಲ್ಲಿ ಎರಡು ಜಾಲಗಳು: ಒಂದರ ವಿಳಾಸ 192.168.1 ಎಂದು ಶುರುವಾದರೆ ಇನ್ನೊಂದರದು 192.168.0. ಪ್ರಿಂಟರ್ ಅಲ್ಲಿ, ಲ್ಯಾಪ್‌ಟಾಪ್ ಇಲ್ಲಿ. ಎರಡನೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ವಿಧಾನಕ್ಕೆ ಬದಲಾಯಿಸಿದರೆ ಎರಡೂ ಒಂದೇ ಜಾಲವಾಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆಯಷ್ಟೇ. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಪ್ರಿಂಟರನ್ನು ಸೇರಿಸಬೇಡಿ, ಅದು ಒಂದನ್ನು ಇನ್ನೊಂದರಿಂದ ದೂರವಿಡಲೆಂದೇ ಇರುವ ವ್ಯವಸ್ಥೆ. ಹಾಗೆಯೇ ವೈಫೈಯ ಎರಡು ಪಟ್ಟಿಗಳಲ್ಲಿ ಪ್ರಿಂಟರ್ 2.4ರಲ್ಲಿ, ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ನಲ್ಲಿ ಇದ್ದರೆ ಪರಸ್ಪರ ಕಾಣುವುದಿಲ್ಲ ಎಂಬುದು ಸುಮ್ಮನೆ ಹಬ್ಬಿರುವ ಮಾತು. ರೌಟರ್ ಒಂದೇ ಆಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಮ್ಮ ಸೊಸೈಟಿಗಳಲ್ಲಿ ವೈಫೈ ಪಟ್ಟಿ ತೆರೆದರೆ ಅಕ್ಕಪಕ್ಕದ ಮನೆಗಳ ಹೆಸರುಗಳೆಲ್ಲ ಸಾಲಾಗಿ ಬರುತ್ತವೆ, 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೋ 1, 6, 11 ಮೂರೇ. ಹಾಗಾಗಿ ದಿನವಿಡೀ ಮೀಟಿಂಗ್ ನಡೆಯುವ ಲ್ಯಾಪ್‌ಟಾಪಿಗೆ ನಾನು ಲ್ಯಾನ್ ಕೇಬಲನ್ನೇ ಎಳೆಯುತ್ತೇನೆ. ಗೋಡೆಯ ಅಂದ ಕೆಡುತ್ತದೆ ಎಂದು ಮನೆಯಲ್ಲಿ ಮಾತು ಬರುತ್ತದೆ, ಬರಲಿ.

ವಿಪಿಎನ್ ಹಚ್ಚಿದಾಗ ಮಾತ್ರ ಪ್ರಿಂಟರ್ ಮಾಯವಾದರೆ ಯುಎಸ್‌ಬಿ ತಂತಿಯಿಂದ ಜೋಡಿಸಿ ನೋಡಿ, ಅಥವಾ ಮನೆಯ ಜಾಲಕ್ಕೆ ಅನುಮತಿ ಕೊಡುತ್ತೀರಾ ಎಂದು ಆಫೀಸನ್ನು ಕೇಳಿ. ಆಫೀಸಿನ ಕಡತವನ್ನು ಸ್ವಂತ ಮೇಲಿಗೆ ಕಳಿಸಿಕೊಂಡು ಫೋನಿನಿಂದ ಪ್ರಿಂಟ್ ತೆಗೆಯುವ ಅಭ್ಯಾಸ ಬೇಡ.

ವಿದ್ಯುತ್ತಿನ ವಿಷಯ ಚಿಕ್ಕದು. 2020ರ ಅಕ್ಟೋಬರ್ 12ರ ಬೆಳಗ್ಗೆ ಮುಂಬಯಿಯ ವಿದ್ಯುತ್ ಹೋಗಿ ಲೋಕಲ್ ರೈಲುಗಳೇ ನಿಂತಾಗ, ಮನೆಯಿಂದ ಕೆಲಸ ಮಾಡುತ್ತಿದ್ದವರಿಗೆ ಲ್ಯಾಪ್‌ಟಾಪಿನ ಬ್ಯಾಟರಿ ಇದ್ದೂ ಇಂಟರ್ನೆಟ್ ಇರಲಿಲ್ಲ. ರೌಟರಿಗೆಂದೇ ಸಿಗುವ ಪುಟ್ಟ 12 ವೋಲ್ಟಿನ ಯುಪಿಎಸ್ ಇಡಿ. ಫೈಬರ್ ಡಬ್ಬಿ ಬೇರೆಯಿದ್ದರೆ ಅದಕ್ಕೂ ಒಂದು. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಚುಚ್ಚಬೇಡಿ, ಬಿಸಿಯಾಗುವಾಗ ಅದು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಮನೆಯ ಯುಪಿಎಸ್ ತಡೆದುಕೊಳ್ಳುವುದು ಕಷ್ಟ.

ಇಷ್ಟೆಲ್ಲ ಕೇಳಿದ ಮೇಲೆ ಕೊನೆಗೆ ಬರುವ ಪ್ರಶ್ನೆ: ಈ ತಾಪತ್ರಯವೇ ಬೇಡ, ಎಲ್ಲವನ್ನೂ ಒಂದೇ ಕಂಪನಿಯದು ತಂದುಬಿಟ್ಟರೆ? ಆಪಲ್‌ನಲ್ಲಿ 2022ರಿಂದ ಯುನಿವರ್ಸಲ್ ಕಂಟ್ರೋಲ್ ಇದೆ. ಮ್ಯಾಕ್ ಮತ್ತು ಐಪ್ಯಾಡ್ ಅಕ್ಕಪಕ್ಕ ಇಟ್ಟರೆ ಒಂದೇ ಮೌಸ್ ಎರಡರಲ್ಲೂ ಓಡುತ್ತದೆ, ನೋಡಲು ಸೊಗಸು. ಆದರೆ ಎರಡೂ ಒಂದೇ ಖಾತೆಯಲ್ಲಿರಬೇಕು. ಆಫೀಸಿನ ಮ್ಯಾಕ್ ನಿಮ್ಮ ಸ್ವಂತ ಖಾತೆಗೆ ಬರುತ್ತದೆಯೇ ಎಂದು ವಿಚಾರಿಸಿ. ಬರುವುದಿಲ್ಲವೆಂದಾದರೆ ಒಂದು ಕೆವಿಎಂ ಸ್ವಿಚ್, ಒಂದು ಒಳ್ಳೆಯ ಕೇಬಲ್ ತಂದು, ಉಳಿದ ಹಣವನ್ನು ಕುರ್ಚಿಗೆ ಹಾಕಿ.