ಕೆರೆಯ ನಕ್ಷೆಯಲ್ಲಿ ಹೊಲ ಇರಲಿಲ್ಲ

ಪ್ರಾಜೆಕ್ಟ್ ಕೆಲಸ ಮಾಡುವವರ ಪಂಚಾಂಗದಲ್ಲಿ ಒಂದೇ ಹಬ್ಬ: ಮಾರ್ಚ್ 31. ಅಷ್ಟರೊಳಗೆ ಹಣ ಖರ್ಚಾಗಬೇಕು, ಬಿಲ್ಲು ಪಾಸಾಗಬೇಕು, ಫೋಟೊ ತೆಗೆದು ವರದಿಗೆ ಅಂಟಿಸಬೇಕು. ಆಗದಿದ್ದರೆ ಉಳಿದ ಹಣ ವಾಪಸ್. ಚಳಿಗಾಲ ಕಳೆಯಲು ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳು ಕೂಡ ಮಾರ್ಚ್ ಹೊತ್ತಿಗೇ ಹೊರಡುತ್ತವೆ. ಅವು ಇರುವ ನಾಲ್ಕೈದು ತಿಂಗಳಲ್ಲೇ ನಮ್ಮ ಸಿಮೆಂಟು, ಜೆಸಿಬಿ, ಕೂಲಿಯವರು ಎಲ್ಲ ಕೆರೆಗೆ ಬರುವಂತೆ ನಾನೇ ಟೈಮ್‌ಟೇಬಲ್ ಹಾಕಿದ್ದೆ. ಅದು ತಪ್ಪು ಅಂತ ಆಗ ಹೊಳೆದಿರಲಿಲ್ಲ. ಎಕ್ಸೆಲ್ ಶೀಟಿನಲ್ಲಿ ಎಲ್ಲ ಚೆನ್ನಾಗಿಯೇ ಕೂತಿತ್ತು.

ನಾನಿರುವುದು ಧಾರವಾಡದಲ್ಲಿ, ಒಂದು ಸಣ್ಣ ಸಂಸ್ಥೆಯ ಕೆಲಸ. ನಮಗೆ ಸಿಕ್ಕಿದ್ದ ಪ್ರಾಜೆಕ್ಟಿನ ಹೆಸರು ಎರಡು ಸಾಲಿನಷ್ಟು ಉದ್ದ ಇತ್ತು. ಸುಲಭವಾಗಿ ಹೇಳಬೇಕೆಂದರೆ, ಹಕ್ಕಿಗಳಿಗೆ ತೊಂದರೆ ಆಗದಂತೆ ಪ್ರವಾಸಿಗರನ್ನು ಕರೆತರುವುದು, ಅದರಿಂದ ಊರಿಗೆ ನಾಲ್ಕು ಕಾಸು ಬರುವಂತೆ ಮಾಡುವುದು. ಜಾಗ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಲಕ್ಷ್ಮೇಶ್ವರದಿಂದ 11 ಕಿಲೋಮೀಟರ್.

ನೋಡದವರಿಗೆ ಇಷ್ಟು ಹೇಳಬಹುದು. ಕೆರೆ ದೊಡ್ಡದೇನಲ್ಲ, ಸುಮಾರು 50 ಹೆಕ್ಟೇರ್. ಹೊಲಕ್ಕೆ ನೀರು ಬೇಕು ಅಂತ ಜನರೇ ಕಟ್ಟಿಸಿದ ಕೆರೆ. ಆದರೆ ಇಲ್ಲಿ 166 ಜಾತಿಯ ಹಕ್ಕಿಗಳು ಕಂಡಿವೆ, ಅದರಲ್ಲಿ 130 ವಲಸೆ ಬರುವಂಥವು. ಹಾವಕ್ಕಿ, ಬಣ್ಣದ ಕೊಕ್ಕರೆ ಎಲ್ಲ ಇವೆ. ಮುಖ್ಯ ಅತಿಥಿ ಮಾತ್ರ ಪಟ್ಟೆತಲೆ ಹೆಬ್ಬಾತು. ಬಿಳಿ ತಲೆ, ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. 7 ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಚಳಿಗಾಲಕ್ಕೆ ಈ ಕೆರೆಗೆ ಸುಮಾರು 8 ಸಾವಿರ ಹೆಬ್ಬಾತು ಬರುತ್ತವೆ ಎಂಬ ಲೆಕ್ಕವಿದೆ. ಹೀಗಾಗಿಯೇ 2024ರ ಜನವರಿಯಲ್ಲಿ ಮಾಗಡಿ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯೂ ಅದೇ ಸಲ ಸೇರಿದವು. ಅದಕ್ಕೂ ಮೊದಲು ನಮ್ಮ ರಾಜ್ಯದಿಂದ ಇದ್ದದ್ದು ರಂಗನತಿಟ್ಟು ಒಂದೇ.

ರಾಮ್ಸರ್ ಅಂದಾಗ ಊರಿನ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು, “ರಾಮದೇವರ ಸರ ಏನ್ರೀ ಅದು?” ಅಲ್ಲ, ಇರಾನಿನ ಒಂದು ಊರು, 1971ರಲ್ಲಿ ಅಲ್ಲಿ ಹಲವು ದೇಶಗಳು ಸೇರಿ ಕೆರೆ, ಜೌಗು ಉಳಿಸಲು ಒಪ್ಪಂದ ಮಾಡಿಕೊಂಡವು ಅಂತ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಾನಿನವ್ರಿಗೆ ನಮ್ಮ ಕೆರಿ ಗೊತ್ತೈತಿ, ಹಾಂ” ಅಂದರು. ಹೊಗಳಿಕೆಯೋ ಕುಹಕವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ನನ್ನ ಪ್ಲಾನು. ಏರಿಯ ಉದ್ದಕ್ಕೂ ಪೇವರ್ ಹಾಕಿದ ಹಾದಿ, ಹಾದಿಗೆ ದೀಪದ ಕಂಬ, ತುದಿಗೆ ವೀಕ್ಷಣಾ ಗೋಪುರ, ಪಕ್ಕದಲ್ಲಿ ತಿಂಡಿ ಅಂಗಡಿಗಳ ಸಾಲು, ಪಾರ್ಕಿಂಗ್, ಶೌಚಾಲಯ. ಬೆಳಗ್ಗೆ ಲಕ್ಕುಂಡಿ, ಮಧ್ಯಾಹ್ನ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಸಂಜೆ ಐದಕ್ಕೆ ಮಾಗಡಿ ಅಂತ ಒಂದು ದಿನದ ಟೂರ್ ಕೂಡ ಜೋಡಿಸಿದ್ದೆ. ಕೆರೆಯ ನಕ್ಷೆ ತೆಗೆದು ಗಡಿಗೆ ಹಸಿರು ಗೆರೆ ಎಳೆದಿದ್ದೆ. ಗೆರೆಯ ಒಳಗೆ ಜೀವವೈವಿಧ್ಯ, ಹೊರಗೆ ಪ್ರವಾಸೋದ್ಯಮ. ಎಷ್ಟು ಅಚ್ಚುಕಟ್ಟು!

2025ರ ಜನವರಿ. ಸಂಕ್ರಾಂತಿ ಕಳೆದು ನಾಲ್ಕು ದಿನ ಆಗಿತ್ತು. ದೀಪದ ಕಂಬಗಳನ್ನು ಎಲ್ಲಿ ನೆಡಬೇಕು ಅಂತ ಗುರುತು ಹಾಕಲು ಹೋಗಿದ್ದೆ. ರಾತ್ರಿ ಲಕ್ಷ್ಮೇಶ್ವರದಲ್ಲಿ ಉಳಿದು, ನಸುಕಿನಲ್ಲೇ ಏರಿಗೆ ಬಂದೆ. ಕೆರೆ ಕಾಯುವ ವಾಚರ್ ಅಣ್ಣ ಟವೆಲ್ ಕಿವಿಗೆ ಸುತ್ತಿಕೊಂಡು ಮೊದಲೇ ನಿಂತಿದ್ದರು. ನನ್ನ ಕೈಯಲ್ಲಿ ಸುಣ್ಣದ ಪುಡಿ, ಅಳತೆ ಟೇಪು. ಮೊಬೈಲ್ ಟಾರ್ಚ್ ಹಚ್ಚಿದೆ.

“ಆರಿಸ್ರಿ ಸರ, ಆರಿಸ್ರಿ.”

ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ನೀರಿನ ಮೇಲೆ ಕಪ್ಪಗೆ ಕೂತಿದ್ದ ಒಂದು ಗುಂಪು ಕಕ್ಕಾಬಿಕ್ಕಿಯಾಗಿ ಎದ್ದು, ಕೂಗುತ್ತ ಕೆರೆಯ ಆ ಕಡೆ ಹೋಯಿತು. ಒಂದು ಮೊಬೈಲ್ ಟಾರ್ಚಿಗೆ ಇಷ್ಟು. ನನ್ನ ಫೈಲಿನಲ್ಲಿ ಕಂಬಗಳಿದ್ದವು. ಎಲ್ಲ ಎಲ್ಇಡಿ, ಎಲ್ಲ ಬೆಳ್ಳಗೆ ಉರಿಯುವಂಥವು.

ವಾಚರ್ ಅಣ್ಣ ಬೈಯಲಿಲ್ಲ. ಮೆಲ್ಲಗೆ, “ಹೋದ ಭಾನುವಾರ ಒಬ್ಬಾಂವ ಡ್ರೋನ್ ಬಿಟ್ಟಿದ್ದ. ಇದ್ದ ಬಿದ್ದ ಹಕ್ಕಿ ಎಲ್ಲಾ ಎದ್ದು ಅರ್ಧಾ ತಾಸು ಕೆಳಗ ಇಳೀಲಿಲ್ಲ” ಅಂದರು. ಹಕ್ಕಿ ಹಾರುವುದು ನಮಗೆ ಚಂದದ ನೋಟ. ಅದಕ್ಕೆ ಅದು ಖರ್ಚು. ಹಿಮಾಲಯ ದಾಟುವ ಮೊದಲು ಮೈಯಲ್ಲಿ ಕೊಬ್ಬು ತುಂಬಿಕೊಳ್ಳಬೇಕಾದ ಕಾಲದಲ್ಲಿ ಸುಮ್ನೆ ಎಬ್ಬಿಸಿ ಎಬ್ಬಿಸಿ ಹಾರಿಸಿದರೆ ಆ ಖರ್ಚು ತುಂಬುವವರು ಯಾರು?

ಬೆಳಕು ಸ್ವಲ್ಪ ಹರಿದ ಮೇಲೆ ಬೇರೆ ತರಹದ ಹಾರಾಟ ಶುರುವಾಯಿತು. ಇದು ಗಾಬರಿಯದಲ್ಲ. ಇಪ್ಪತ್ತು, ಮೂವತ್ತು ಸೇರಿ ಸಾಲುಗಟ್ಟಿ, ಒಂದಾದ ಮೇಲೆ ಒಂದು ತಂಡ. ನಮ್ಮ ತಲೆಯ ಮೇಲೇ ಹೋದವು. ರೆಕ್ಕೆಯ ಸದ್ದು ಕೇಳುವಷ್ಟು ಹತ್ತಿರ.

“ಎಲ್ಲಿಗೆ?”

“ನಾಷ್ಟಾಕ್ಕ” ಅಂದರು ವಾಚರ್ ಅಣ್ಣ. “ಇವು ಮೀನಾ ತಿನ್ನಂಗಿಲ್ರೀ. ಹೊಲಕ್ಕ ಹೋಗ್ತಾವ. ಬಿಸಿಲೇರೂದ್ರಾಗ ಬಂದು ಮತ್ತ ನೀರಾಗ ಕುಂದರ್ತಾವ. ಸಂಜೀಕ ಮತ್ತ ಹೊಲ.”

ಪುಸ್ತಕದಲ್ಲಿ ಓದಿದ್ದೆ, ಹೆಬ್ಬಾತು ಹುಲ್ಲು, ಕಾಳು, ಎಳೆ ಪೈರು ಮೇಯುತ್ತದೆ ಅಂತ. ಓದಿದ್ದಕ್ಕೂ ನನ್ನ ನಕ್ಷೆಗೂ ಸಂಬಂಧವೇ ಇರಲಿಲ್ಲ. ಹಕ್ಕಿಗಳು ನನ್ನ ಹಸಿರು ಗೆರೆಯ ಮೇಲೆ ಹಾದು, ಪಾರ್ಕಿಂಗ್ ದಾಟಿ, ನಾನು ಬಿಳಿಯಾಗಿ ಬಿಟ್ಟಿದ್ದ ಜಾಗಕ್ಕೆ ಹೋಗುತ್ತಿದ್ದವು. ಕೆರೆ ಅವುಗಳ ಹಾಸಿಗೆ ಅಷ್ಟೇ. ಊಟದ ಎಲೆ ಇದ್ದದ್ದು ಇನ್ನೊಬ್ಬರ ಹೊಲದಲ್ಲಿ.

ಸುಣ್ಣದ ಚೀಲ ಅಲ್ಲೇ ಇಟ್ಟು ಅವು ಹೋದ ಕಡೆ ನಡೆದೆವು. ಕಿತ್ತ ಶೇಂಗಾ ಹೊಲ, ಕಡಲೆ ಹೊಲ, ಬೋರಿನ ನೀರಿಗೆ ಬೇಸಿಗೆ ಶೇಂಗಾ ಬಿತ್ತಿ ಮೊಳಕೆ ಎದ್ದ ಹೊಲ. ದೂರದಿಂದಲೇ ಡಬ್ಬಿ ಬಡಿಯುವ ಸದ್ದು. ಬದುವಿನ ಮೇಲೆ ಒಬ್ಬ ಅಜ್ಜಿ, ಇಳಕಲ್ ಸೀರೆ, ಕೈಯಲ್ಲಿ ಎಣ್ಣೆ ಡಬ್ಬಿ, ಒಂದು ಕೋಲು. ನಾಲ್ಕು ಸಲ ಬಡಿದು, ಬಾಯಿಂದ ಹೋ ಅಂದು, ಮತ್ತೆ ಬಡಿಯುತ್ತಿದ್ದರು. ಹಕ್ಕಿಗಳು ಅವರ ಹೊಲದಿಂದ ಎದ್ದು ಪಕ್ಕದ ಹೊಲದಲ್ಲಿ ಕೂರುತ್ತಿದ್ದವು. ಅಲ್ಲಿ ಬಡಿಯುವವರು ಯಾರೂ ಇರಲಿಲ್ಲ.

“ಯವ್ವಾ, ಭಾಳ ಹಾಳ ಮಾಡ್ತಾವೇನು?” ಅಂತ ಕೇಳಿದೆ.

“ಕಿತ್ತ ಹೊಲದಾಗ ಬಿದ್ದ ಕಾಳ ತಿಂದ್ರ ತಿನ್ಲಿ ಬಿಡ ತಮ್ಮ, ಅದು ಅವುಗಳ ಪಾಲು. ಮೊಳಕಿ ತಿಂದ್ರ ಏನ್ ಮಾಡೂದು? ಬೀಜಕ್ಕ ರೊಕ್ಕಾ ಕೊಡಾಕಿ ನಾನು.” ಆಮೇಲೆ ನನ್ನ ಶರ್ಟು, ಕೊರಳ ಕಾರ್ಡು ನೋಡಿ, “ನೀ ಕೆರಿ ಸಾಹೇಬ ಏನು? ಕೆರಿ ನೋಡಾಕ ಟಿಕೀಟ ಇಡ್ತಾರಂತಲ್ಲ. ಅಲ್ಲಿ ಮಲಗಿದ್ದನ್ನ ತೋರ್ಸಿ ರೊಕ್ಕಾ ತಗೋತೀರಿ. ಉಣ್ಣಾಕ ಹಾಕೂದು ನಾನು. ನನಗೇನು ಕೊಡ್ತಿ?”

ಎರಡು ವರ್ಷದಲ್ಲಿ ನಾನು ಹಾಜರಾದ ತರಬೇತಿಗಳು ಎಷ್ಟೋ. ಪಾಲುದಾರರು ಯಾರು, ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ಬಣ್ಣ ಬಣ್ಣದ ಚೀಟಿ ಗೋಡೆಗೆ ಅಂಟಿಸಿದ್ದೆವು. ಅಷ್ಟು ಚೀಟಿಗಳಲ್ಲಿ ಈ ಅಜ್ಜಿ ಒಂದರಲ್ಲೂ ಇರಲಿಲ್ಲ. ನನ್ನ ಬಳಿ ಉತ್ತರವೂ ಇರಲಿಲ್ಲ. ಸುಮ್ಮನೆ ನಿಂತೆ.

ಅವರು ಡಬ್ಬಿ ಕೆಳಗಿಟ್ಟು ಬುತ್ತಿ ಬಿಚ್ಚಿದರು. ಹಬ್ಬದ್ದು ಉಳಿದಿತ್ತು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗಡುಸಾಗಿ ಚಟಚಟ ಮುರಿಯುವಂಥದ್ದು. ಜೊತೆಗೆ ಶೇಂಗಾ ಚಟ್ನಿ. “ತಿನ್ನು, ನಿನ್ನ ಹಕ್ಕಿ ಬಿಟ್ಟಿದ್ದು” ಅಂದರು. ವಾಚರ್ ಅಣ್ಣ ನಕ್ಕುಬಿಟ್ಟರು. ನನಗೆ ಮೊದಲ ತುತ್ತು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ರೊಟ್ಟಿ ಗಡುಸಾಗಿದ್ದದ್ದು ಒಂದೇ ಕಾರಣವಲ್ಲ.

ತಿನ್ನುವಾಗ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಈ ಅಜ್ಜಿ ಡಬ್ಬಿ ಬಡಿಯುತ್ತಾರೆ. ನಾಳೆ ಸಿಟ್ಟು ಬಂದ ಯಾರೋ ಒಬ್ಬರು ಕಾಳಿಗೆ ವಿಷ ಹಚ್ಚಿ ಎರಚಿದರೆ? ಗೋಪುರ ಇರುತ್ತದೆ, ಪೇವರ್ ಇರುತ್ತದೆ. ಮೇಲೆ ಹತ್ತಿ ನೋಡಲು ನೀರು ಮಾತ್ರ ಇರುತ್ತದೆ.

ಮಧ್ಯಾಹ್ನ ಪಂಚಾಯ್ತಿ ಕಟ್ಟೆಯಲ್ಲಿ ಸಭೆ ಇತ್ತು. ಪ್ಲಾನು ಮಂಜೂರಾಗಿದೆ ಅಂತ ಹೇಳಲು ಕರೆದ ಸಭೆ. ನಾನು ಹೋಗಿ, ದೀಪ ಬೇಡ, ಏರಿಯ ಮೇಲೆ ಹಾದಿ ಬೇಡ ಅಂತ ಶುರು ಮಾಡಿದೆ. ಹೇಗಿದ್ದೀತು? ಬಸ್ ಸ್ಟ್ಯಾಂಡ್ ಹತ್ತಿರ ಚಹಾದ ಅಂಗಡಿ ಇಟ್ಟಿರುವ ಹುಡುಗನೊಬ್ಬ ಎದ್ದು ನಿಂತ. “ಸರ, ಜನಾ ಬರ್ತಾರ ಅಂತ ನೀವ ಹೇಳಿದ್ರಿ. ನಾ ಸಾಲಾ ಮಾಡಿ ಫ್ರಿಜ್ ತಂದೀನಿ. ಹುಬ್ಬಳ್ಳಿ ಉಣಕಲ್ ಕೆರಿಯಾಗ ಬೋಟಿಂಗ್ ಐತಿ, ಲೈಟ್ ಅದಾವ. ನಮ್ಮ ಊರಿಗೆ ಬಂದಾಗ ಮಾತ್ರ ಹಕ್ಕಿ ನೆನಪಾಗ್ತಾವೇನು?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಕಥೆಗಳಲ್ಲಿ ಹಕ್ಕಿಯ ಪರ ಮಾತಾಡುವವರು ಒಳ್ಳೆಯವರು, ದುಡ್ಡು ಕೇಳುವವರು ಕೆಟ್ಟವರು ಅಂತ ಆಗಿಬಿಡುತ್ತದೆ. ಆ ಹುಡುಗ ಊರು ಬಿಟ್ಟು ಬೆಂಗಳೂರಿಗೆ ಹೋಗಬಾರದು ಅಂತಲೇ ಅಂಗಡಿ ಇಟ್ಟವನು. ರಾಮ್ಸರ್ ತಾಣದಲ್ಲಿ ಕೆರೆ ತುಂಬಿದಾಗಿನ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಕಟ್ಟುವಂತಿಲ್ಲ ಅಂತ 2017ರ ಜೌಗುಭೂಮಿ ನಿಯಮ ಓದಿ ಹೇಳಿದೆ. ನಿಯಮ ಹೇಳಿ ಯಾರ ಬಾಯಿ ಮುಚ್ಚಿಸಿದರೂ ಮನಸ್ಸು ಮುಚ್ಚುವುದಿಲ್ಲ, ಅದು ಆ ಮುಖಗಳಲ್ಲೇ ಕಾಣುತ್ತಿತ್ತು.

ಸಭೆ ತಿಳಿಗೊಂಡದ್ದು ವಾಚರ್ ಅಣ್ಣನಿಂದ. ಅವರು ಹೇಳಿದ್ದು ಎರಡೇ ಮಾತು. “ತಮ್ಮಾ, ಉಣಕಲ್‌ಗೆ ಜನಾ ಬೋಟಿಗೆ ಬರ್ತಾರ. ಇಲ್ಲಿಗೆ ಹಕ್ಕಿಗೆ ಬರ್ತಾರ. ಬೋಟ್ ಬಿಟ್ಟಿ ಅಂದ್ರ ಹಕ್ಕಿ ಹೋಗ್ತಾವ, ಬೋಟಿಗೆ ಅಂತ ಹುಬ್ಬಳ್ಳಿಯವ್ರು ಇಲ್ಲೀಮಟ ಯಾಕ ಬರ್ತಾರ?” ಹುಡುಗ ಕೂತ. ಒಪ್ಪಿದ ಅಂತಲ್ಲ, ಕೂತ.

ರೈತರು ಕೇಳಿದ್ದು ಬೆಳೆಯ ಪರಿಹಾರ. ಟಿಕೆಟ್ ಹಣದಲ್ಲಿ ಒಂದು ಪಾಲು ಹೊಲದವರಿಗೆ ಕೊಡೋಣ ಅಂತ ನಾನು ಹುಮ್ಮಸ್ಸಿನಲ್ಲಿ ಅಂದುಬಿಟ್ಟೆ. ಅನ್ನಬಾರದಿತ್ತು. ಆಮೇಲೆ ವಿಚಾರಿಸಿದಾಗ ಆ ಹಣ ಆ ದಾರಿಯಲ್ಲಿ ಹೋಗಲು ಬರುವುದಿಲ್ಲ ಅಂತ ಗೊತ್ತಾಯಿತು. ಮತ್ತೆ ಹೋಗಿ ಎಲ್ಲರ ಮುಂದೆ ಮಾತು ವಾಪಸ್ ತೆಗೆದುಕೊಂಡೆ. ಆ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಮುಂದಿನ ಎರಡು ತಿಂಗಳು ಪತ್ರ ಬರೆಯುವುದೇ ಕೆಲಸ. ನವೆಂಬರಿನಿಂದ ಮಾರ್ಚ್‌ವರೆಗೆ ಕಟ್ಟಡ ಕೆಲಸ ಬಂದ್ ಅಂತ ಹೊಸ ಟೈಮ್‌ಟೇಬಲ್ ಹಾಕಿದೆ. ಅಂದರೆ ಮಾರ್ಚ್ 31ರೊಳಗೆ ಖರ್ಚು ಆಗುವುದಿಲ್ಲ. ಹಣ ಕೊಡುವವರಿಗೆ ಇದನ್ನು ಅರ್ಥ ಮಾಡಿಸುವುದು ಹೆಬ್ಬಾತಿಗೆ ಕ್ಯಾಲೆಂಡರ್ ಕಲಿಸಿದಷ್ಟೇ ಕಷ್ಟ. ಗಡುವು ವಿಸ್ತರಿಸಿದರು, ಆದರೆ ಒಂದಿಷ್ಟು ಹಣ ಕಡಿತ ಮಾಡಿಯೇ. ಗೋಪುರ ಹೋಯಿತು. ಅದರ ಬದಲು ಊರ ಕಡೆ, ನೀರಿನಿಂದ ದೂರ, ಗಿಡಗಳ ಮರೆಯಲ್ಲಿ ಬಿದಿರು ತಟ್ಟಿಯ ಒಂದು ಗೂಡು ಬಂತು. ಕಿಂಡಿಯಿಂದ ನೋಡುವುದು. ತಿಂಡಿ ಅಂಗಡಿಗಳು ಬಸ್ ಸ್ಟ್ಯಾಂಡ್ ಹತ್ತಿರವೇ ಉಳಿದವು, ಚಹಾದ ಹುಡುಗನ ಪಕ್ಕ. ಟೂರ್ ಉಲ್ಟಾ ಮಾಡಿದೆವು: ಬಿಸಿಲೇರಿ ಹಕ್ಕಿ ನೀರಿಗೆ ಬಂದ ಮೇಲೆ ಮಾಗಡಿ, ಸಂಜೆ ಲಕ್ಕುಂಡಿ. ಸಂಜೆ ಅವು ಹೊಲಕ್ಕೆ ಏಳುವ ಹೊತ್ತಿಗೆ ಏರಿಯ ಮೇಲೆ ನಮ್ಮವರು ಯಾರೂ ಇರಬಾರದು.

ಹೊಲದ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ಮಹಿಳಾ ಸಂಘದವರು ಹಕ್ಕಿ ಇಳಿಯುವ ಹೊಲಗಳ ಶೇಂಗಾವನ್ನೇ ಕೊಂಡು ಚಟ್ನಿ ಕುಟ್ಟಿ, ರೊಟ್ಟಿ ಜೊತೆ ಬಂದವರಿಗೆ ಮಾರುತ್ತಾರೆ. ಪೇಟೆ ಬೆಲೆಗಿಂತ ಸ್ವಲ್ಪ ಮೇಲೆ ಕೊಡುತ್ತಾರೆ. ತಿಂದ ಮೊಳಕೆಗೆ ಅದು ಸಾಟಿಯಲ್ಲ, ಅಜ್ಜಿಗೂ ಗೊತ್ತು, ನನಗೂ ಗೊತ್ತು. ವರದಿಯಲ್ಲಿ ಮಾತ್ರ ಆ ಪುಟಕ್ಕೆ ಒಳ್ಳೆ ಫೋಟೊ ಇದೆ.

ದೀಪದ ಕಂಬಗಳಲ್ಲಿ ನಾಲ್ಕು ಆಗಲೇ ಬಂದಿಳಿದಿದ್ದವು, ಆರ್ಡರ್ ವಾಪಸ್ ಮಾಡುವ ಮೊದಲೇ. ಎರಡನ್ನು ಊರೊಳಗೆ ನೆಟ್ಟರು. ಉಳಿದೆರಡು ಪಂಚಾಯ್ತಿ ಹಿಂದೆ ಬಿದ್ದಿವೆ. ಆಡಿಟ್‌ಗೆ ಬಂದವರು ಪ್ರತಿ ಸಲ ಅವುಗಳ ಬಗ್ಗೆಯೇ ಕೇಳುತ್ತಾರೆ.

ನವೆಂಬರಿನಲ್ಲಿ ಒಂದು ಬೆಳಗ್ಗೆ, ಇನ್ನೂ ಚಹಾ ಕುಡಿದಿರಲಿಲ್ಲ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮೊಮ್ಮಗನ ಮೊಬೈಲಿನಿಂದ ಅಜ್ಜಿ.

“ಬಂದಾವ ನೋಡ ತಮ್ಮ, ನಿನ್ನವು.”

“ಎಷ್ಟು ಅದಾವ ಯವ್ವಾ?”

“ಎಣಸಾಕ ನಿನಗ ಪಗಾರ ಕೊಡ್ತಾರ, ಬಂದು ಎಣಸು. ಫೋನ್ ಇಡು, ನಾ ಡಬ್ಬಿ ತಗೊಂಡು ಹೊಂಟೀನಿ.”