ವ್ಯಾನಿನಲ್ಲಿ ರೆಕಾರ್ಡ್ ಮಾರುತ್ತಿದ್ದ ಡೀಜೆ

ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಿಗೆ ನಾನು ಸಾಮಾನ್ಯವಾಗಿ ಹೋಗುವುದು ಬೆಂಡೆಕಾಯಿ, ಬಾಳೆಕಾಯಿ ತರೋಕೆ. ಆ ಶನಿವಾರ ಆಫೀಸಿನ ಗೆಳೆಯನೂ ಜೊತೆಗಿದ್ದ, ಅವನ ಅಪ್ಪ ಅಮ್ಮ ಜಮೈಕಾದವರು. ಎಲೆಕ್ಟ್ರಿಕ್ ಅವೆನ್ಯೂ ಪಕ್ಕದ ಬೀದಿಯಲ್ಲಿ ಹಳೇ ವ್ಯಾನೊಂದು ನಿಂತಿತ್ತು. ಹಿಂಬಾಗಿಲು ತೆಗೆದಿತ್ತು, ಒಳಗೆ ಹಣ್ಣಿನ ಕ್ರೇಟುಗಳ ತುಂಬ ಏಳು ಇಂಚಿನ ರೆಕಾರ್ಡುಗಳು. ಮಾರುತ್ತಿದ್ದ ಹಿರಿಯರನ್ನು ಕಂಡಿದ್ದೇ ಗೆಳೆಯನ ಮುಖ ಅರಳಿತು. "ನಮ್ಮಪ್ಪ ಇವರ ಮಾತು ಕೇಳೋಕೆ ಅಂತಲೇ ರಾತ್ರಿ ಬಸ್ ಹಿಡಿದು ಹೋಗ್ತಿದ್ರು" ಅಂದ.

ಜಮೈಕಾದಲ್ಲಿ ಸೌಂಡ್ ಸಿಸ್ಟಮ್ ಅಂದರೆ ದೊಡ್ಡ ಸ್ಪೀಕರು ಕಟ್ಟಿ, ರೆಕಾರ್ಡ್ ಹಾಕಿ ಜನರನ್ನು ಕುಣಿಸುವ ತಂಡ. ಅದರಲ್ಲಿ ರೆಕಾರ್ಡ್ ಹಾಕುವವರು ಸೆಲೆಕ್ಟರ್. ಹರಿದಾಸರು ಕಥೆ ಮಾಡುವಾಗ ಹಾಡಿಗೆ ಮಾತು ಹೆಣೆಯುತ್ತಾರಲ್ಲ, ಹಾಗೆ ಸಂಗೀತದ ಮೇಲೆ ಪ್ರಾಸ ಕಟ್ಟಿ ಮಾತಾಡುವವರು ಡೀಜೆ. ಗಾಯಕರ ದನಿ ತೆಗೆದ 'ವರ್ಷನ್' ರೆಕಾರ್ಡಿನ ಇನ್ನೊಂದು ಬದಿಗೆ ಬರತೊಡಗಿದ್ದು 1960ರ ದಶಕದ ಕೊನೆಗೆ. ಅಂಥ ವರ್ಷನ್‌ಗಳ ಮೇಲೆ ಮಾತಾಡಿಯೇ 1970ರಲ್ಲಿ ಯು-ರಾಯ್ ಜಮೈಕಾದ ಚಾರ್ಟುಗಳಲ್ಲಿ ಮೇಲೆ ಬಂದರು. ಅವರ ಹೆಸರು ಉಳಿಯಿತು. ಆದರೆ 1950ರ ದಶಕದಲ್ಲೇ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಮೈಕ್ ಹಿಡಿದು ಇದನ್ನು ಶುರು ಮಾಡಿದ ಕೌಂಟ್ ಮಾಚುಕಿ ಇವತ್ತು ಎಷ್ಟು ಜನಕ್ಕೆ ಗೊತ್ತು?

ವ್ಯಾನಿನ ಹಿರಿಯರದೂ ಅದೇ ಕಥೆ. ರಾತ್ರಿ ಚರ್ಚ್ ಹಾಲುಗಳಲ್ಲಿ, ಮನೆಗಳ ನೆಲಮಾಳಿಗೆಯಲ್ಲಿ ಮೈಕ್. ಹಗಲು ವ್ಯಾನು. ಆಗ ದೊಡ್ಡ ಅಂಗಡಿಗಳು ಈ ಸಂಗೀತವನ್ನು ಜಾಸ್ತಿ ಇಡುತ್ತಿರಲಿಲ್ಲ. ಅದಕ್ಕೇ ಕಿಂಗ್‌ಸ್ಟನ್ನಿನಿಂದ ಬಂದ ಸರಕು ಕ್ಷೌರದಂಗಡಿ, ದಿನಸಿ ಅಂಗಡಿಗಳಿಗೆ ಗಾಡಿಯಲ್ಲೇ ಹೋಗಬೇಕಿತ್ತು. ಐಲ್ಯಾಂಡ್ ರೆಕಾರ್ಡ್ಸ್ ಅನ್ನೋ ರೆಕಾರ್ಡ್ ಕಂಪನಿ ಕಟ್ಟಿದ ಕ್ರಿಸ್ ಬ್ಲ್ಯಾಕ್‌ವೆಲ್ ಕೂಡ 1962ರಲ್ಲಿ ಮಿನಿ ಕಾರಿನಲ್ಲಿ ರೆಕಾರ್ಡ್ ತುಂಬಿಕೊಂಡು ಇದೇ ಲಂಡನ್ ಸುತ್ತಿದವರು.

ಅವರು ಒಂದು ರೆಕಾರ್ಡ್ ಎಳೆದು ನನ್ನ ಕೈಗಿಟ್ಟರು. ಬಿಳಿ ಲೇಬಲ್, ಮೇಲೊಂದು ರಬ್ಬರ್ ಸ್ಟಾಂಪು, ಪಕ್ಕದಲ್ಲಿ ಬಾಲ್ ಪೆನ್ನಿನಲ್ಲಿ ಅವರದೇ ಹೆಸರು. ಅವರು ಮಾಡಿದ ರೆಕಾರ್ಡ್ ಅದೊಂದೇ. ಟ್ಯೂನು ಪ್ರೊಡ್ಯೂಸರದು, ಇವರಿಗೆ ಸಿಕ್ಕಿದ್ದು ಒಂದೇ ಸಲದ ಕೂಲಿ, ಆಮೇಲೆ ಮಾರಿದ್ದರಲ್ಲಿ ಬಿಡಿಗಾಸಿಲ್ಲ. ಕೇಳಿ ನನಗೆ ತುಂಬ ಸಿಟ್ಟು ಬಂತು. ಅವರು ಸುಮ್ನೆ ರೆಕಾರ್ಡನ್ನು ವಾಪಸ್ ತಗೊಂಡು, ನಡುವಿನ ದೊಡ್ಡ ತೂತಿಗೆ ಪ್ಲಾಸ್ಟಿಕ್ ಬಿಲ್ಲೆ ಕೂರಿಸಿ, ವರ್ಷನ್ ಇದ್ದ ಬಿ ಸೈಡ್ ಹಾಕಿದರು.

ಮೈಕಿಲ್ಲದೆಯೇ ಶುರು ಮಾಡಿದರು. ಬಾಳೆಕಾಯಿ ರೇಟು, ಪಾರ್ಕಿಂಗ್ ದಂಡ, ಅಲ್ಲೇ ನಿಂತಿದ್ದ ಅಜ್ಜಿಯ ಟೋಪಿ, ಎಲ್ಲ ಒಳಗೆ ಬಂತು. ತಾಳ ಬಿದ್ದ ಮೇಲೆ ಒಂಚೂರು ತಡೆದು ಮಾತು ಬಿಡುತ್ತಿದ್ದರು, ಆ ತಡೆಯಲ್ಲೇ ಮಜಾ. ಗೆಳೆಯ ವ್ಯಾನಿನ ತಗಡಿಗೆ ದಬದಬ ಬಡಿದ. ಅದು ಜಮೈಕಾದವರು ಮೆಚ್ಚುಗೆ ತೋರಿಸುವ ರೀತಿ, ಬಡಿದರೆ ಮತ್ತೆ ಮೊದಲಿಂದ ಹಾಕಬೇಕು. ಅಜ್ಜಿಯೂ ಬಡಿದರು. ಹಿರಿಯರು ಮುಳ್ಳು ಎತ್ತಿ ಮತ್ತೆ ಇಟ್ಟರು, ಈ ಸಲ ಹೊಸ ಮಾತು.

ಅವರ ಆ ರಾತ್ರಿಗಳೆಲ್ಲ ಉಳಿದಿರುವುದು ಜನ ರೆಕಾರ್ಡ್ ಮಾಡಿಕೊಂಡ ಕ್ಯಾಸೆಟ್ಟುಗಳಲ್ಲಿ ಮಾತ್ರ. ಗೆಳೆಯನ ಅಪ್ಪ ಒಂದು ಡಬ್ಬಿ ಎತ್ತಿಟ್ಟಿದ್ದಾರಂತೆ. ಅದನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ಟೇಪಿನ ಮೇಲೆ ಏನೂ ಬರೆದಿಲ್ಲ, ಯಾವ ಹಾಲ್, ಮೈಕಲ್ಲಿ ಇನ್ಯಾರಿದ್ದರು ಅಂತ ವ್ಯಾನಿನ ಹಿರಿಯರನ್ನೇ ಕೂರಿಸಿಕೊಂಡು ಕೇಳಬೇಕು. "ಬನ್ನಿ, ಹೇಳ್ತೀನಿ" ಅಂದಿದ್ದಾರೆ.