ಮಗನನ್ನು ತೋಟಕ್ಕೆ ಕಳಿಸಿ ಆಡಿದ ಮಾತು

ಕಳೆದ ತಿಂಗಳು ಒಂದು ಶನಿವಾರ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕರೆದು, ತಮ್ಮದೊಂದು ಕಾಗದಕ್ಕೆ ನನ್ನ ಸಹಿ ಬೇಕಾಗಿದೆ, ಬಿಡುವಾದಾಗ ಬರಬಹುದೇ ಎಂದು ಕೇಳಿದರು. ಎಂಬತ್ತೊಂದು ವರ್ಷದ, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಹೆಂಗಸು. ಲೆಸ್ಟರ್‌ನ ಈ ಬೀದಿಗೆ ನಾವು ಬಂದ ಐದು ವರ್ಷಗಳಲ್ಲಿ ನನ್ನ ಮಗಳ ಉಚ್ಚಾರಣೆಯಿಂದ ಹಿಡಿದು ನಮ್ಮ ಮನೆಯ ಕಸದ ಡಬ್ಬಿ ಯಾವ ವಾರ ಯಾವುದು ಹೊರಗಿರಬೇಕೆಂಬುದರವರೆಗೆ ಎಲ್ಲವನ್ನೂ ತಿದ್ದಿದವರು. ಸಹಿ ತಾನೇ ಎಂದುಕೊಂಡು ಅಡುಗೆಮನೆಯ ಚಪ್ಪಲಿಯಲ್ಲೇ ಹೋದೆ.

ಮೇಜಿನ ಮೇಲಿದ್ದದ್ದು ‘ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ’ ಎಂಬ ದಪ್ಪನೆಯ ಅರ್ಜಿ. ಹೊಲಮನೆಯ ವ್ಯವಹಾರಕ್ಕೆ ನಮ್ಮ ಕಡೆ ಮುಖ್ತ್ಯಾರ್‌ನಾಮ ಬರೆದುಕೊಡುತ್ತಾರಲ್ಲ, ಅದರ ಜಾತಿಯದೇ. ಆದರೆ ಇದು ಸ್ವಂತ ದೇಹದ ಮೇಲಿನದು. ನಾಳೆ ತನಗೆ ಪ್ರಜ್ಞೆ ತಪ್ಪಿದರೆ, ಮಾತು ನಿಂತರೆ, ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ಯಾರು ಮಾತಾಡಬೇಕೆಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡುವ ಕಾಗದ. ಅದರಲ್ಲಿ ಒಂದು ಪುಟ ಬರೀ ಜೀವ ಹಿಡಿದಿಡುವ ಚಿಕಿತ್ಸೆಗಾಗಿಯೇ ಮೀಸಲು. ವೆಂಟಿಲೇಟರಿನಂಥದ್ದನ್ನು ಮುಂದುವರಿಸುವ ಅಥವಾ ಬೇಡವೆನ್ನುವ ಅಧಿಕಾರವನ್ನೂ ಆ ವ್ಯಕ್ತಿಗೆ ಕೊಡುತ್ತೇನೆ, ಇಲ್ಲವೇ ಕೊಡುವುದಿಲ್ಲ ಎಂಬ ಎರಡರಲ್ಲಿ ಒಂದರ ಕೆಳಗೆ ಸಹಿ ಮಾಡಬೇಕು. ಬರೆಯುವವರು ಯಾರ ಒತ್ತಾಯಕ್ಕೂ ಸಿಕ್ಕದೆ, ತಿಳಿದೇ ಬರೆಯುತ್ತಿದ್ದಾರೆಂದು ಪ್ರಮಾಣೀಕರಿಸಲು ಮನೆಯವರಲ್ಲದ, ಕನಿಷ್ಠ ಎರಡು ವರ್ಷದಿಂದ ಚೆನ್ನಾಗಿ ಬಲ್ಲ ಒಬ್ಬರು, ಇಲ್ಲವೇ ವೈದ್ಯರು, ವಕೀಲರಂಥ ವೃತ್ತಿಪರರು ಬೇಕು. ಆ ಒಬ್ಬನು ನಾನು.

ಬ್ರಿಸ್ಟಲ್‌ನಿಂದ ಬಂದಿದ್ದ ಅವರ ಮಗ ಚಹಾ ಮಾಡಿಟ್ಟ. ಅಜ್ಜಿ ಅವನಿಗೆ, “ಸ್ವಲ್ಪ ಹೊತ್ತು ತೋಟದಲ್ಲಿರು, ಗುಲಾಬಿ ಕತ್ತರಿಸು” ಎಂದರು. ಐವತ್ತೈದು ವರ್ಷದ ಗಂಡಸು ತಲೆಯಾಡಿಸಿ, ಕತ್ತರಿ ಹಿಡಿದು, ಹಿಂಬಾಗಿಲು ಎಳೆದುಕೊಂಡು ಹೋದ. ನನಗೆ ಆ ಬಾಗಿಲ ಸದ್ದೇ ಒಂದು ಥರ ಆಯಿತು. ನಮ್ಮ ಮನೆಗಳಲ್ಲಿ ಇಂಥ ಮಾತು ಬಂದರೆ ಹೊರಗೆ ಹೋಗುವುದು ಮುದುಕಿ; ಒಳಗೆ ಕೂರುವುದು ಮಗ.

ಅರ್ಜಿಯಲ್ಲಿ ಮಗನ ಹೆಸರು ಇರಲಿಲ್ಲ. ಅವರ ಜೊತೆ ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದ, ವಯಸ್ಸಿನಲ್ಲಿ ಚಿಕ್ಕವಳಾದ ಗೆಳತಿಯೊಬ್ಬಳ ಹೆಸರಿತ್ತು. ಒತ್ತಾಯವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ನನ್ನ ಕೆಲಸವಾದ್ದರಿಂದ, ಹೆತ್ತ ಮಗನಿರುವಾಗ ಹೊರಗಿನವರು ಏಕೆ ಎಂದು ಕೇಳಿದೆ. ಅಜ್ಜಿ ಕಿಟಕಿಯಿಂದ ಮಗನನ್ನು ನೋಡುತ್ತ ಹೇಳಿದರು: “ಅವನಿಗೆ ನನ್ನ ಮೇಲೆ ಬಹಳ ಪ್ರೀತಿ. ನಿಲ್ಲಿಸಿ ಎಂದು ಹೇಳುವುದು ಅವನಿಂದ ಆಗದು. ಆಗದ ಕೆಲಸವನ್ನು ಅವನ ತಲೆಗೆ ಕಟ್ಟಿ ನಾನು ಹೋಗುವುದಿಲ್ಲ.” ಮಗ ಇದನ್ನು ಕೇಳಿ ಮೂರು ದಿನ ಮಾತು ಬಿಟ್ಟಿದ್ದನಂತೆ, ಆಮೇಲೆ ಸುಮ್ಮನಾದನಂತೆ. ನಾನು ಸಹಿ ಮಾಡಿ ಬಂದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯ ಪ್ರಕಾರ, ಇಂಥ ಕಾಗದವಿಲ್ಲದಿದ್ದರೆ ಗಂಡನಿಗಾಗಲಿ ಹೆಂಡತಿಗಾಗಲಿ ಮಗನಿಗಾಗಲಿ ವಯಸ್ಕ ರೋಗಿಯ ಪರವಾಗಿ ನಿರ್ಧರಿಸುವ ಹಕ್ಕು ಸಂಬಂಧದಿಂದಷ್ಟೇ ಬರುವುದಿಲ್ಲವೆಂದು ನನಗೆ ತಿಳಿದದ್ದೇ ಅಂದು ರಾತ್ರಿ. ರೋಗಿಯ ಹಿತ ಯಾವುದರಲ್ಲಿದೆ ಎಂದು ನಿರ್ಧರಿಸುವವರು ವೈದ್ಯರು. ಮನೆಯವರನ್ನು ಅವರು ಕೇಳಲೇಬೇಕು, ಆದರೆ ‘ನಿಮಗೇನು ಬೇಕು’ ಎಂದಲ್ಲ, ‘ಅವರಾಗಿದ್ದರೆ ಏನೆನ್ನುತ್ತಿದ್ದರು’ ಎಂದು. ಒಮ್ಮತ ಬಾರದಿದ್ದರೆ ನ್ಯಾಯಾಲಯ. 1989ರ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಮಿದುಳು ಘಾಸಿಗೊಂಡ ಟೋನಿ ಬ್ಲಾಂಡ್ ಎಂಬ ಹುಡುಗನ ವಿಷಯದಲ್ಲಿ ತಂದೆತಾಯಿಯೂ ವೈದ್ಯರೂ ಒಂದೇ ಮಾತಿನವರಾಗಿದ್ದರೂ, ಕೊಳವೆಯ ಆಹಾರ ನಿಲ್ಲಿಸಲು 1993ರಲ್ಲಿ, ಆಗ ಇಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಬೇಕಾಯಿತು. ಎಲ್ಲರೂ ಒಪ್ಪಿದ್ದರೆ ಕೋರ್ಟಿನ ಬಾಗಿಲು ತಟ್ಟಬೇಕಿಲ್ಲವೆಂದು ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಓದುತ್ತ ಮೊದಲು ನನಗೆ ಸಿಟ್ಟೇ ಬಂತು. ಹೆತ್ತವರಿಗೆ, ಹೆಂಡತಿಗೆ ಹಕ್ಕಿಲ್ಲವೆಂದರೆ ಇದೆಂಥ ದೇಶ? ಆ ಸಿಟ್ಟು ಅರ್ಧ ಗಂಟೆಯೂ ಉಳಿಯಲಿಲ್ಲ, ಏಕೆಂದರೆ ನನಗೆ ಅವ್ವ ನೆನಪಾದಳು.

2019ರ ಡಿಸೆಂಬರಿನಲ್ಲಿ, ಭತ್ತದ ಕೊಯ್ಲು ಮುಗಿಯುತ್ತಿದ್ದ ವಾರ, ಗಂಗಾವತಿ ತಾಲ್ಲೂಕಿನ ನಮ್ಮ ಊರಿನ ಮನೆಯಲ್ಲಿ ಅವ್ವ ಬಚ್ಚಲ ಬಾಗಿಲಲ್ಲಿ ಕುಸಿದಳು. ಮಿದುಳಿನಲ್ಲಿ ರಕ್ತಸ್ರಾವ. ಗಂಗಾವತಿಯವರು ಬಳ್ಳಾರಿಗೆ ಒಯ್ಯಿರಿ ಎಂದರು. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದರು. ಒಂಬತ್ತು ದಿನ ಕಣ್ಣು ತೆರೆಯಲಿಲ್ಲ. ಆರನೆಯ ದಿನ ಡಾಕ್ಟರು ಐಸಿಯು ಹೊರಗಿನ ಓಣಿಯಲ್ಲಿ ನಿಂತು, ಇನ್ನು ಹೆಚ್ಚಿನ ಆಸೆಯಿಲ್ಲ, ಮನೆಯವರು ವಿಚಾರ ಮಾಡಿ ಹೇಳಿ ಎಂದರು. ಮನೆಯವರೆಂದರೆ ಯಾರು? ಅಲ್ಲಿ ದೊಡ್ಡಪ್ಪನಿದ್ದ, ಸೋದರಮಾವನಿದ್ದ, ಅಣ್ಣನಿದ್ದ, ಅಕ್ಕನ ಗಂಡನಿದ್ದ. ಊರಿನಿಂದ ಎರಡು ಟ್ರ್ಯಾಕ್ಸ್ ತುಂಬ ಬಂದ ಜನ ಆಸ್ಪತ್ರೆಯ ಎದುರಿನ ಬೇವಿನ ಗಿಡದ ಕೆಳಗೆ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಇದನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಅಜ್ಜಿ ಆಸ್ಪತ್ರೆ ಸೇರಿದರೆ ನೋಡಲು ಬರುವವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಆದರೆ ಬೇವಿನ ಗಿಡದ ಕೆಳಗಿನ ಅಷ್ಟೂ ಜನ ಒಂದೇ ಮಾತಾಡಿದರು. ದೊಡ್ಡಪ್ಪ ಅಣ್ಣನಿಗೆ “ಹಿರಿಮಗ ನೀನು, ನೀ ಹೆಂಗಂತೀಯೋ ಹಂಗ” ಎಂದ. ಅಣ್ಣ ಮಾವನಿಗೆ “ತೌರುಮನಿಯವರು ನೀವು, ನೀವು ಹೆಂಗಂತೀರೋ ಹಂಗ” ಎಂದ. ಮಾವ ಅಕ್ಕನ ಕಡೆ ನೋಡಿದ, ಅಕ್ಕ ಅತ್ತಳು. ನನಗೆ ಫೋನು ಬಂತು. ಕಾರ್ ಪಾರ್ಕಿನ ಚಳಿಯಲ್ಲಿ ನಿಂತು ನಾನೂ ಅದನ್ನೇ ಹೇಳಿದೆ: “ಅಣ್ಣಾ, ನೀವೆಲ್ಲ ಅಲ್ಲೇ ಇದ್ದೀರಿ, ನೀವು ಹೆಂಗಂತೀರೋ ಹಂಗ.” ಅದನ್ನು ವಿನಯವೆಂದು ತಿಳಿದಿದ್ದೆ.

ಒಂಬತ್ತನೆಯ ದಿನ ಬಿಲ್ ಕೌಂಟರಿನವರು ಮತ್ತೆ ಮುಂಗಡ ಕಟ್ಟಿ ಎಂದರು. ಭತ್ತದ ದುಡ್ಡು ದಲಾಲಿ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಜೀವ ಮನೆಯಲ್ಲೇ ಹೋಗಲಿ ಎಂದು ಯಾರೋ ಅಂದರು, ಹೌದು ಹೌದು ಎಂದು ಎಲ್ಲರೂ ಅಂದರು. ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುತ್ತಿದ್ದೇವೆ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಕಾಗದದ ಕೆಳಗೆ ಅಣ್ಣ ಕನ್ನಡದಲ್ಲಿ ಸಹಿ ಮಾಡಿದ. ಆಸೆಯಿಲ್ಲ ಎಂದು ಹೇಳಿದವರೂ ಅವರೇ, ನಮ್ಮ ಮಾತಿಗೆ ವಿರುದ್ಧ ಎಂದು ಬರೆಸಿಕೊಂಡವರೂ ಅವರೇ.

ವೆಂಟಿಲೇಟರ್ ತೆಗೆದು ಗಂಟಲ ಕೊಳವೆಗೆ ಅಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ತುಂಬುವ ಚೀಲ, ಜೋಡಿಸಿದರು. ಅದನ್ನು ಒತ್ತುವ ಕೆಲಸ ಅಣ್ಣನ ಮಗನ ಪಾಲಿಗೆ ಬಂತು. ಆಗ ಹತ್ತೊಂಬತ್ತರ ಹುಡುಗ. ಒಂದು, ಎರಡು, ಮೂರು ಎಂದು ಎಣಿಸಿ ಒತ್ತು, ಮತ್ತೆ ಎಣಿಸು ಎಂದು ಹೇಳಿಕೊಟ್ಟಿದ್ದರಂತೆ. ಕುರುಗೋಡು ದಾಟಿ, ಕಂಪ್ಲಿಯ ಹೊಳೆಯ ಸೇತುವೆ ದಾಟಿ, ರಸ್ತೆಯ ಅರ್ಧಕ್ಕೆ ಹರವಿದ ಭತ್ತದ ರಾಶಿಗಳನ್ನು ತಪ್ಪಿಸುತ್ತ ಆಂಬುಲೆನ್ಸ್ ನಿಧಾನವಾಗಿ ಬರುವಷ್ಟು ಹೊತ್ತೂ ಅವನು ಎಣಿಸಿದ. ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ ಮೇಲೂ ಎಣಿಸಿದ. ಸ್ವಾಮಿಗಳು ಬಂದು ಪಾದೋದಕ ತುಟಿಗೆ ಮುಟ್ಟಿಸಿ, ವಿಭೂತಿ ಹಚ್ಚಿ ಹೋದರು. ಸಾಕು, ನಿಲ್ಲಿಸು ಎಂದು ಯಾರೂ ಹೇಳಲಿಲ್ಲ. ಕೊನೆಗೆ ಆಂಬುಲೆನ್ಸಿನ ಡ್ರೈವರ್ ಬಾಗಿಲಲ್ಲಿ ನಿಂತು, ತನಗೆ ಸಿಂಧನೂರಿನಿಂದ ಇನ್ನೊಂದು ಕರೆ ಬಂದಿದೆ, ಚೀಲ ವಾಪಸ್ ಕೊಡಿ ಎಂದು ಕೇಳಿದ. ನಾನು ಆ ಹೊತ್ತಿಗೆ ದೋಹಾದಲ್ಲಿ ಮುಂದಿನ ವಿಮಾನ ಕಾಯುತ್ತಿದ್ದೆ. ಮಣ್ಣಿಗೆ ತಲುಪಿದೆ ಅಷ್ಟೆ.

ಅವ್ವನ ಉಸಿರನ್ನು ನಿಲ್ಲಿಸುವ ನಿರ್ಧಾರ ಯಾರದು ಎಂದು ಕೇಳಿದರೆ ನಾನು ಈಗಲೂ ಪ್ರಾಮಾಣಿಕವಾಗಿ ಹೇಳಬಹುದಾದ ಉತ್ತರ ಒಂದೇ: ಆ ಡ್ರೈವರನದು. ಅವನಿಗೆ ಅವಳ ಹೆಸರೂ ಗೊತ್ತಿರಲಿಲ್ಲ.

ನಮ್ಮಲ್ಲಿ ಕಾನೂನಿರಲಿಲ್ಲವೇ ಎಂದರೆ, ಇತ್ತು. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ ದಾದಿಯಾಗಿದ್ದ ಅರುಣಾ ಶಾನಭಾಗ್ 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, 2015ರ ಮೇನಲ್ಲಿ ತೀರಿಕೊಳ್ಳುವವರೆಗೂ ತಾನು ಕೆಲಸ ಮಾಡಿದ ಕೆಇಎಂ ಆಸ್ಪತ್ರೆಯಲ್ಲೇ ಮಲಗಿದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಹಾಕಿದ್ದ ಅರ್ಜಿಯ ಮೇಲೆ 2011ರ ಮಾರ್ಚ್‌ನಲ್ಲಿ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್, ಅರುಣಾ ಪರವಾಗಿ ಮಾತಾಡುವ ಅರ್ಹತೆ ಅರ್ಜಿದಾರರಿಗಲ್ಲ, ಹಗಲಿರುಳು ಅವರ ಬಾಯಿಗೆ ಅನ್ನ ಹಾಕಿ ಮೈ ಒರೆಸಿದ ಆಸ್ಪತ್ರೆಯ ಸಿಬ್ಬಂದಿಗೆ ಎಂದಿತು. ಆ ಸಿಬ್ಬಂದಿಗೆ ಅವರು ಬದುಕಿರಬೇಕಾಗಿತ್ತು. ಆ ತೀರ್ಪಿನ ಬಗ್ಗೆ ನಾವು ಕಾಲೇಜು ದಿನಗಳ ಗೆಳೆಯರು ದಯಾಮರಣ ಸರಿಯೋ ತಪ್ಪೋ ಎಂದಷ್ಟೇ ಕಿತ್ತಾಡಿದ್ದೆವು. ರಕ್ತಸಂಬಂಧಕ್ಕಿಂತ ಮೈ ಒರೆಸಿದ ಕೈಗೆ ಕೋರ್ಟು ತೂಕ ಕೊಟ್ಟಿತ್ತು ಎಂಬುದು ಆಗ ನನ್ನ ಕಣ್ಣಿಗೇ ಬೀಳಲಿಲ್ಲ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನೊಳಗಿನದೇ ಎಂದು ಹೇಳಿ, ಮುಂದೆ ಮಾತು ನಿಂತರೆ ತನಗೆ ಎಂಥ ಚಿಕಿತ್ಸೆ ಬೇಡವೆಂದು ಮುಂಗಡವಾಗಿ ಇಚ್ಛಾಪತ್ರ ಬರೆದಿಡಲು ಅವಕಾಶ ಕೊಟ್ಟಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಮಾಡಿದರೆ ಸಾಕೆಂದರು. ಪತ್ರ ಬರೆದಿಡದವರ ವಿಷಯದಲ್ಲಿಯೂ ಆಸ್ಪತ್ರೆಯ ಒಂದು ವೈದ್ಯ ಮಂಡಳಿ, ಅದರ ಮೇಲೆ ಇನ್ನೊಂದು ಮಂಡಳಿ ನೋಡಿ, ಹತ್ತಿರದವರ ಒಪ್ಪಿಗೆ ಪಡೆದು, ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯುವ ದಾರಿಯಿದೆ. ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು 2025ರ ಜನವರಿ 30ರಂದು ಆದೇಶ ಹೊರಡಿಸಿದೆ. ಇಷ್ಟಾದರೂ ನಮ್ಮ ಕಡೆಯ ರೂಢಿಯ ದಾರಿ ಇವತ್ತಿಗೂ ಬಿಲ್ ಕೌಂಟರಿನ ಮುಂದಿನಿಂದಲೇ ಹೋಗುತ್ತದೆಂದು ಊರಿನ ಫೋನುಗಳಿಂದ ತಿಳಿಯುತ್ತದೆ.

ಇಚ್ಛಾಪತ್ರದಲ್ಲಿ ತನ್ನ ಪರವಾಗಿ ನಿಲ್ಲುವವರ ಹೆಸರು ಬರೆಯಬೇಕು; 2023ರ ನಂತರ ಒಬ್ಬರಿಗಿಂತ ಹೆಚ್ಚು ಹೆಸರನ್ನೂ ಬರೆಯಬಹುದು. ಅವ್ವ ಯಾರ ಹೆಸರು ಬರೆಸುತ್ತಿದ್ದಳು? ಅಜ್ಜಿಯ ಅಡುಗೆಮನೆಯಿಂದ ಬಂದ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ದೊಡ್ಡಪ್ಪನದಲ್ಲ. ಅಣ್ಣನದೂ ಅಲ್ಲ, ಅಣ್ಣ ಅವಳ ಸೆರಗಿನ ಮಗ. ನನ್ನದಂತೂ ಅಲ್ಲ. ಹಿಂದಿನ ಎರಡು ವರ್ಷ ಮೊಣಕಾಲು ಹಿಡಿದುಕೊಂಡು ಅವಳು ಮನೆಯೊಳಗೇ ಇದ್ದಾಗ ತಲೆಗೆ ಎಣ್ಣೆ ಹಚ್ಚಿ, ಎರೆದು, ಸೀರೆ ಉಡಿಸುತ್ತಿದ್ದವಳು ಅಣ್ಣನ ಹೆಂಡತಿ, ನಮ್ಮ ವೈನಿ. ಬಳ್ಳಾರಿಯ ಆ ಓಣಿಯಲ್ಲಿ ವೈನಿ ಎಲ್ಲಿದ್ದರು ಎಂದು ನೆನಪಿಸಿಕೊಂಡೆ. ವಿಡಿಯೋ ಕರೆಯಲ್ಲಿ ಒಮ್ಮೆ ಕಂಡಿದ್ದರು, ಗಂಡಸರ ಹಿಂದೆ, ಗೋಡೆಗೆ ಒರಗಿ, ನೀರಿನ ಬಾಟಲಿಗಳ ಚೀಲ ಹಿಡಿದು.

ಕಳೆದ ಬುಧವಾರ ಫೋನ್ ಮಾಡಿ, ಅವ್ವ ಈ ಬಗ್ಗೆ ಯಾವತ್ತಾದರೂ ಏನಾದರೂ ಹೇಳಿದ್ದಳೇ ಎಂದು ಕೇಳಿದೆ. ವೈನಿ ಬಹಳ ಹೊತ್ತು ಮಾತಾಡಲಿಲ್ಲ.

“ಹೇಳಿದ್ರು. ನಿಮ್ಮ ಚಿಗವ್ವನ್ನ ಹುಬ್ಬಳ್ಳಿ ದವಾಖಾನಿಯಾಗ ಪೈಪ್ ಹಾಕಿ ಇಟ್ಟಿದ್ರಲ್ಲ, ನೋಡಿ ಬಂದ ದಿನ ಅಕ್ಕಿ ಆರಿಸ್ತ ಕುಂತಾಗ ಹೇಳಿದ್ರು. ನನಗ ಹಿಂಗ ಮಾಡಿಸಬ್ಯಾಡ್ರಬೇ, ಬಾಯಾಗ ಪೈಪ್ ಬ್ಯಾಡ, ಮನಿಯಾಗ ಬಿಟ್ಟುಬಿಡ್ರಿ ಅಂದ್ರು.”

“ಮತ್ತ ಅವತ್ತು ಯಾಕ ಹೇಳಲಿಲ್ಲ ವೈನಿ?”

“ಸೊಸಿ ಹೇಳೂ ಮಾತೇನ್ರಿ ಅದು? ಅತ್ತಿ ಸಾಯ್ಲಿ ಅಂತ ಕಾಯ್ತಿದ್ಲು ಅಂತಿದ್ರಿ. ನೀವೂ ಅಂತಿದ್ರಿ.”

ಇಲ್ಲವೆನ್ನಲು ಬಾಯಿ ತೆರೆದೆ. ಆಗಲಿಲ್ಲ. ಅಂದು ನಾನು ಅದನ್ನೇ ಅನ್ನುತ್ತಿದ್ದೆ, ಅಕ್ಕನಿಗೆ ಫೋನ್ ಮಾಡಿ ಅನ್ನುತ್ತಿದ್ದೆ. ಅಷ್ಟೂ ದಿನ ಬೇವಿನ ಗಿಡದ ಕೆಳಗೆ ಎಲ್ಲರೂ ಒಬ್ಬರಿಗೊಬ್ಬರು ದಾಟಿಸುತ್ತಿದ್ದ ಮಾತಿನ ಉತ್ತರ ನೀರಿನ ಚೀಲ ಹಿಡಿದು ನಿಂತಿದ್ದವಳ ಬಳಿ ಇತ್ತು. ಅವಳತ್ತ ತಿರುಗಿ “ನೀವು ಹೆಂಗಂತೀರಿ” ಎಂದು ಯಾರೂ ಅನ್ನಲಿಲ್ಲ. ಆ ಹುಡುಗ ಇವತ್ತಿಗೂ ಬೈಕ್ ಓಡಿಸುವಾಗ ಒಮ್ಮೊಮ್ಮೆ ಒಂದು, ಎರಡು, ಮೂರು ಎಂದು ತನಗೆ ತಾನೇ ಎಣಿಸುತ್ತಾನಂತೆ. ಇದನ್ನೂ ವೈನಿಯೇ ಹೇಳಿದರು.

ಅಜ್ಜಿಯ ಅರ್ಜಿಯ ವಿಷಯ ಹೇಳಿ, “ನಿಮಗ ಹೆಂಗಾಗಬೇಕು ವೈನಿ, ನೀವು ಯಾರ ಹೆಸರು ಬರೀತಿದ್ರಿ?” ಎಂದು ಕೇಳಿದೆ. ಅವರು ನಕ್ಕರು. “ನನ್ನ ಯಾರ ಕೇಳ್ಯಾರ ಬಿಡ್ರಿ” ಎಂದವರು, ಹಿಂದೆ ಅಣ್ಣನ ದನಿ ಕೇಳಿಸಿದ್ದೇ ಹಾಲು ಉಕ್ಕಾಕತ್ತೈತಿ ಎಂದು ಫೋನ್ ಇಟ್ಟರು.

ಭಾನುವಾರ ಬೆಳಿಗ್ಗೆ ಇಲ್ಲಿ ಇನ್ನೂ ಕತ್ತಲಿದ್ದಾಗ ಅವರೇ ಫೋನ್ ಮಾಡಿದರು. ಅಣ್ಣ ಕಾಲುವೆಗೆ ನೀರು ತಿರುವಲು ಹೋಗುವುದನ್ನೇ ಕಾದಿದ್ದರಂತೆ. “ಪೆನ್ನು ಹಿಡಕೊಂಡೀರೇನು?” ಎಂದು ಕೇಳಿದರು.